ನೇಪಾಳದ ಹೆಣ್ಣುಮಕ್ಕಳ ಹೋರಾಟ: ಸುದ್ದಿ ಓದುವಾಗ ದೂರಿನ ಗಡುವು ನೋಡಿ

ನೇಪಾಳದಲ್ಲಿ ಲೈಂಗಿಕ ಕಿರುಕುಳ, ಅತ್ಯಾಚಾರದ ವಿರುದ್ಧ ಹೆಣ್ಣುಮಕ್ಕಳು ಬೀದಿಗಿಳಿದ ಸುದ್ದಿಗಳನ್ನು ಸುಮ್ನೆ ಸಾಲಾಗಿ ಓದಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒಂದು ಘಟನೆ, ಮೆರವಣಿಗೆ, ಸರ್ಕಾರದ ಭರವಸೆ. ಎಳೆ ಸಿಗಬೇಕಾದರೆ ಒಂದು ವಿಷಯ ಹುಡುಕಿ: ದೂರು ಕೊಡಲು ಕಾನೂನು ಎಷ್ಟು ಸಮಯ ಕೊಟ್ಟಿದೆ?

ಮೊದಲು 2012. ಸೌದಿಯಲ್ಲಿ ದುಡಿದು ವಾಪಸಾದ ಮಹಿಳೆಯೊಬ್ಬರ ಹಣವನ್ನು ಕಠ್ಮಂಡು ವಿಮಾನ ನಿಲ್ದಾಣದ ಇಮಿಗ್ರೇಷನ್ ಸಿಬ್ಬಂದಿ ಕಿತ್ತುಕೊಂಡರು, ಆಮೇಲೆ ಪೊಲೀಸ್ ಪೇದೆಯೊಬ್ಬ ಅತ್ಯಾಚಾರ ಮಾಡಿದ. ಪತ್ರಿಕೆಗಳು ಆಕೆಯನ್ನು ಸೀತಾ ರಾಯ್ ಎಂಬ ಬದಲಿ ಹೆಸರಿನಿಂದ ಕರೆದವು. ಡಿಸೆಂಬರ್ 28ರಿಂದ ಪ್ರಧಾನಿ ನಿವಾಸವಿರುವ ಬಾಲುವಾಟಾರ್‌ನಲ್ಲಿ ಧರಣಿ ಶುರುವಾಗಿ ನೂರಕ್ಕೂ ಹೆಚ್ಚು ದಿನ ನಡೆಯಿತು. ಅದೇ ತಿಂಗಳು ದೆಹಲಿಯ ಬಸ್ ಘಟನೆಯೂ ಆಗಿತ್ತು, ಅದರ ಪ್ರಭಾವ ಇದ್ದದ್ದು ನಿಜ. ಆದರೆ ಬಾಲುವಾಟಾರನ್ನು ದೆಹಲಿಯ ಪ್ರತಿಧ್ವನಿ ಅಂತಷ್ಟೇ ಬರೆದರೆ ವಲಸೆ ಕಾರ್ಮಿಕ ಹೆಣ್ಣುಮಕ್ಕಳ ಕಥೆಯೇ ಕಾಣೆಯಾಗುತ್ತದೆ, ಅಲ್ವಾ?

ಈಗ ಗಡುವಿಗೆ ಬನ್ನಿ. ಆಗ ಅತ್ಯಾಚಾರದ ದೂರಿಗೆ ಇದ್ದ ಅವಧಿ ಬರೀ 35 ದಿನ! ಮೈ-ಮನಸ್ಸು ಸುಧಾರಿಸಿಕೊಳ್ಳುವ ಮೊದಲೇ ಬಾಗಿಲು ಮುಚ್ಚಿರುತ್ತಿತ್ತು. 2015ರಲ್ಲಿ 180 ದಿನವಾಯಿತು, 2018ರ ಹೊಸ ಅಪರಾಧ ಸಂಹಿತೆಯಲ್ಲಿ ಒಂದು ವರ್ಷ. ಅದೇ ಸಂಹಿತೆ ಲೈಂಗಿಕ ಕಿರುಕುಳಕ್ಕೆ 3 ವರ್ಷದವರೆಗೆ ಜೈಲು ಅಂದಿತು, ದೂರಿಗೆ ಮಾತ್ರ ಮೂರೇ ತಿಂಗಳು. ಶಿಕ್ಷೆಯ ಅಂಕಿ ಶೀರ್ಷಿಕೆಗೆ ಚೆಂದ, ಮೂರು ತಿಂಗಳ ಮಾತು ಜಾಸ್ತಿ ಜನರ ಕಣ್ಣಿಗೆ ಬೀಳುವುದಿಲ್ಲ. ಉದ್ಯೋಗ ಸ್ಥಳದ ಕಿರುಕುಳ ತಡೆಗೆ 2014ರಲ್ಲೇ ಬೇರೆ ಕಾಯ್ದೆ ಬಂದಿದೆ, ಅದನ್ನೂ ಗುರುತು ಹಾಕಿಕೊಳ್ಳಿ.

2022ರ ಮೇ ತಿಂಗಳು ತುಂಬಾ ಮುಖ್ಯ. ತಾನು ಅಪ್ರಾಪ್ತೆಯಾಗಿದ್ದಾಗ ಸೌಂದರ್ಯ ಸ್ಪರ್ಧೆಯ ಆಯೋಜಕನೊಬ್ಬ ತನ್ನ ಮೇಲೆ ಅತ್ಯಾಚಾರ ಮಾಡಿದ ಎಂದು ಯುವತಿಯೊಬ್ಬರು ಎಂಟು ವರ್ಷದ ನಂತರ ಟಿಕ್‌ಟಾಕ್‌ನಲ್ಲಿ ಆರೋಪಿಸಿದರು. ಪತ್ರಿಕೆಗಿಂತ ಮೊದಲು ಫೋನ್‌ನಲ್ಲಿ ಸುದ್ದಿ ಹರಡಿತು. ಜನ ಬೀದಿಗೆ ಬಂದರು, ಸಂಸತ್ತಿನಲ್ಲೂ ಮಾತಾಯಿತು. ಅತ್ಯಾಚಾರದ ದೂರಿನ ಗಡುವು ಮುಗಿದಿದ್ದರಿಂದ ಪೊಲೀಸರು ಮಾನವ ಕಳ್ಳಸಾಗಣೆ ಕಾನೂನಿನಡಿ ಕೇಸು ಹಾಕಿದರು. ಗಡುವು ಯಾಕೆ ಮುಖ್ಯ ಅನ್ನುವುದಕ್ಕೆ ಇದೇ ಉದಾಹರಣೆ.

ಅದೇ ವರ್ಷ ತಿದ್ದುಪಡಿ ಬಂತು: ವಯಸ್ಕರಿಗೆ 2 ವರ್ಷ, ಅಪ್ರಾಪ್ತರಿಗೆ 18 ತುಂಬಿದ ಮೇಲೆ 3 ವರ್ಷ. ಸುದ್ದಿಯಲ್ಲಿ ಇದು ಗೆಲುವಿನ ಹಾಗೆ ಕಂಡರೂ ಬೀದಿಯಲ್ಲಿದ್ದ ಅನೇಕರು ಕೇಳಿದ್ದು ಗಡುವೇ ಬೇಡ ಅಂತ.