ಪೇದೆಯ ಒಂದು ಮಾತು, ಹೆಂಗಸಿನ ನಡತೆ

ಕ್ರಿಮಿನಲ್ ಕೇಸು ನಡೆಸುವ ವಕೀಲರಿಗೆಲ್ಲ ಗೊತ್ತಿರುವ ಸಾಲು: ‘ಖಚಿತ ಮಾಹಿತಿ ಮೇರೆಗೆ’. ಮಾಹಿತಿ ಕೊಟ್ಟವರು ಯಾರು, ಅದು ಖಚಿತ ಅಂತ ತೀರ್ಮಾನಿಸಿದವರು ಯಾರು? ಕಾಗದದಲ್ಲಿ ಇರುವುದಿಲ್ಲ. ನಮ್ಮ ಪಾಟೀ ಸವಾಲು ಶುರುವಾಗುವುದೇ ಅಲ್ಲಿಂದ. ಬ್ರಿಟನ್ನಿನಲ್ಲಿ ಇಂಥದ್ದೇ ಮಾತಿನ ಮೇಲೆ ಒಂದು ಕಾನೂನು ಪೂರ್ತಿ ನಿಂತಿತ್ತು. ಅಲ್ಲಿನ ಹೆಂಗಸರು ಬೀದಿಗಿಳಿದು ಅದನ್ನು ಕೆಡವಿದರು.

1864ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಹೆಸರು ಕೇಳಿದರೆ ಕಾಲರಾ, ಪ್ಲೇಗು ನೆನಪಾಗುತ್ತದೆ. ಅದಲ್ಲ. ಸೈನಿಕರಿಗೆ, ನಾವಿಕರಿಗೆ ಲೈಂಗಿಕ ರೋಗ ಹೆಚ್ಚಾಯಿತು ಅಂತ ಪೋರ್ಟ್ಸ್‌ಮತ್, ಪ್ಲಿಮತ್, ಆಲ್ಡರ್‌ಶಾಟ್ ಸೇರಿ 11 ಊರುಗಳಿಗೆ ತಂದ ಕಾನೂನು. 1866 ಮತ್ತು 1869ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಮಫ್ತಿಯಲ್ಲಿ ತಿರುಗುವ ಪೊಲೀಸರು ‘ಈಕೆ ವೇಶ್ಯೆ ಅಂತ ನಂಬಲು ಕಾರಣವಿದೆ’ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದರೆ ಸಾಕು, ಅವಳ ದೇಹ ತಪಾಸಣೆಗೆ ಆದೇಶ ಬರುತ್ತಿತ್ತು. ರೋಗ ಕಂಡರೆ ಲಾಕ್ ಆಸ್ಪತ್ರೆಯಲ್ಲಿ, ಅಂದರೆ ಲೈಂಗಿಕ ರೋಗಕ್ಕೆಂದೇ ಇದ್ದ ಆಸ್ಪತ್ರೆಯಲ್ಲಿ, ಕೂಡಿ ಹಾಕುತ್ತಿದ್ದರು. 1869ರ ಹೊತ್ತಿಗೆ ಈ ಅವಧಿ 9 ತಿಂಗಳವರೆಗೂ ಹೋಗಬಹುದಿತ್ತು. ತಪಾಸಣೆ ಬೇಡ ಅಂದರೆ ಜೈಲು. ಸೈನಿಕರನ್ನು ಹೀಗೆ ತಪಾಸಣೆ ಮಾಡುವ ಪದ್ಧತಿಯನ್ನು ಮಾತ್ರ ಅದಕ್ಕೂ ಮುಂಚೆಯೇ ಕೈಬಿಟ್ಟಿದ್ದರು. ಅವರ ಮನಸ್ಸಿಗೆ ಬೇಜಾರಾಗುತ್ತದಂತೆ!

ವಕೀಲನಾಗಿ ನನ್ನ ಕಣ್ಣು ನಿಲ್ಲುವುದು ಇದರೊಳಗಿನ ಇನ್ನೊಂದು ಏರ್ಪಾಟಿನ ಮೇಲೆ: ‘ಸ್ವಇಚ್ಛೆಯ ಒಪ್ಪಿಗೆ’ ಪತ್ರ. ಅದಕ್ಕೆ ಸಹಿ ಹಾಕಿದರೆ ಕೋರ್ಟಿಗೆ ಹೋಗಬೇಕಾಗಿಲ್ಲ, ನೇರ ತಪಾಸಣೆಗೆ. ಊರವರ ಮುಂದೆ ಕೋರ್ಟಿನಲ್ಲಿ ನಿಂತು ಮಾನ ಕಳೆದುಕೊಳ್ಳುವುದಕ್ಕಿಂತ ಒಂದು ಸಹಿ ವಾಸಿ ಅನಿಸುತ್ತದಲ್ವಾ? ಆದರೆ ಆ ಸಹಿಯೇ ಅವಳು ವೇಶ್ಯೆ ಎನ್ನುವುದಕ್ಕೆ ದಾಖಲೆ. ಏನು ಬರೆದಿದೆ ಅಂತಲೇ ಗೊತ್ತಿಲ್ಲದೆ ಸಹಿ ಹಾಕಿದ್ದಾರೆ ಎಂಬುದು ವಿರೋಧಿಗಳ ದೊಡ್ಡ ದೂರಾಗಿತ್ತು.

1869ರ ಕೊನೆಗೆ ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್ ಈ ಹೋರಾಟದ ಮುಂದಾಳತ್ವ ವಹಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಕೂಡ ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದರು. ಸಭ್ಯಸ್ಥ ಮನೆತನದ ಹೆಂಗಸರು ಬಾಯಿಬಿಟ್ಟು ಆಡಬಾರದ ವಿಷಯವನ್ನು ಬಟ್ಲರ್ ವೇದಿಕೆ ಹತ್ತಿ ಆಡಿದರು. 1870ರ ಕಾಲ್ಚೆಸ್ಟರ್ ಉಪಚುನಾವಣೆಯಲ್ಲಿ ಇದೇ ಕಾಯ್ದೆಯ ಕಟ್ಟಾ ಬೆಂಬಲಿಗರಾಗಿದ್ದ ಸರ್ ಹೆನ್ರಿ ಸ್ಟಾರ್ಕ್ಸ್ ಸರ್ಕಾರದ ಅಭ್ಯರ್ಥಿ. ಅವರ ವಿರುದ್ಧ ಪ್ರಚಾರಕ್ಕೆ ಬಂದಿದ್ದ ಬಟ್ಲರ್ ತಂಗಿದ್ದ ಹೋಟೆಲಿಗೆ ಪುಂಡರು ಮುತ್ತಿಗೆ ಹಾಕಿದರು. ಆದರೂ ಸ್ಟಾರ್ಕ್ಸ್ ಸೋತರು. ಕಾಯ್ದೆ ಪೂರ್ತಿ ರದ್ದಾಗಿದ್ದು ಮಾತ್ರ 1886ರಲ್ಲಿ. 1868ರಲ್ಲಿ ಭಾರತಕ್ಕೂ ಇಂಥದ್ದೇ ಕಾಯ್ದೆ ಬಂದಿತ್ತು. ಬೆಂಗಳೂರು ದಂಡಿನಲ್ಲೂ ಲಾಕ್ ಆಸ್ಪತ್ರೆ ಇತ್ತು.

ಕಾಯ್ದೆ ಹೋದರೂ ಪೇದೆಯ ಮಾತಿನ ಬಲ ಹೋಗಲಿಲ್ಲ. 1887ರ ಜೂನ್‌ನಲ್ಲಿ ಎಲಿಜಬೆತ್ ಕ್ಯಾಸ್ ಎಂಬ ಬಟ್ಟೆ ಹೊಲಿಯುವ ಯುವತಿ ರಾತ್ರಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿಗೆ ಹೋಗಿದ್ದಳು. ಆ ನಗರಕ್ಕೆ ಹೊಸಬಳು. ಎಂಡಕಾಟ್ ಎಂಬ ಪೇದೆ ಅವಳನ್ನು ಹಿಡಿದ. ಇವಳು ಇಲ್ಲಿ ಗಿರಾಕಿ ಹುಡುಕುವುದನ್ನು ಮೊದಲೂ ನೋಡಿದ್ದೇನೆ ಅಂತ ಪ್ರಮಾಣ ಮಾಡಿದ. ಅವಳ ಯಜಮಾನಿ ಬಂದು ಒಳ್ಳೆಯ ಹುಡುಗಿ ಅಂತ ಹೇಳಿದ್ದಕ್ಕೆ ಮ್ಯಾಜಿಸ್ಟ್ರೇಟ್ ಬಿಟ್ಟುಬಿಟ್ಟರು. ಬಿಡುವಾಗಲೂ, ಮರ್ಯಾದಸ್ಥಳಾಗಿದ್ದರೆ ರಾತ್ರಿ ಆ ರಸ್ತೆಯಲ್ಲಿ ಓಡಾಡಬೇಡ ಅಂತ ಎಚ್ಚರಿಕೆ! ಖುಲಾಸೆಯಲ್ಲ ಅದು, ಖುಲಾಸೆಯ ವೇಷದ ಶಿಕ್ಷೆ. ವಿಷಯ ಸಂಸತ್ತಿಗೆ ಹೋಗಿ, ತನಿಖೆಗೆ ಒಪ್ಪದ ಸರ್ಕಾರ ಮತದಲ್ಲಿ ಸೋತಿತು. ಎಂಡಕಾಟ್ ಮೇಲೆ ಸುಳ್ಳು ಸಾಕ್ಷ್ಯದ ಮೊಕದ್ದಮೆಯೂ ನಡೆಯಿತು, ಅವನು ಖುಲಾಸೆಯಾದ.

ಹಾಗಾದರೆ ಠಾಣೆಯಲ್ಲಿ ಹೆಂಗಸರೇ ಇದ್ದರೆ? ಸುಧಾರಕರ ಮುಂದಿನ ಬೇಡಿಕೆ ಅದೇ. 1914ರಲ್ಲಿ ಯುದ್ಧ ಶುರುವಾದಾಗ ಮಾರ್ಗರೆಟ್ ಡೇಮರ್ ಡಾಸನ್ ಮತ್ತು ಮತದ ಹಕ್ಕಿಗೆ ಹೋರಾಡಿದ್ದ ನೀನಾ ಬಾಯ್ಲ್ ಸೇರಿ ಮಹಿಳಾ ಸ್ವಯಂಸೇವಕ ಪೊಲೀಸ್ ಕಟ್ಟಿದರು. ವರ್ಷ ತುಂಬುವುದರೊಳಗೆ ಒಡೆಯಿತು. ಗ್ರಾಂಥಮ್ ಎಂಬ ಊರಿನಲ್ಲಿ ಸೇನೆಯವರು ಹೆಂಗಸರಿಗೆ ಮಾತ್ರ ರಾತ್ರಿ ಕರ್ಫ್ಯೂ ಹಾಕಿದರು. ಅದನ್ನು ಜಾರಿ ಮಾಡಲು ನೆರವಾದದ್ದು ಈ ಮಹಿಳಾ ಪೊಲೀಸರೇ. ಬಾಯ್ಲ್ ಇದನ್ನು ಒಪ್ಪಲಿಲ್ಲ, ಡಾಸನ್ ಬಿಡಲಿಲ್ಲ. ನನಗೆ ಬಾಯ್ಲ್ ಮಾತೇ ಸರಿ ಅನಿಸುತ್ತದೆ. 1915ರಲ್ಲಿ, ಅದೇ ಗ್ರಾಂಥಮ್‌ನಲ್ಲಿ, ಈಡಿತ್ ಸ್ಮಿತ್‌ಗೆ ಬಂಧಿಸುವ ಪೂರ್ಣ ಅಧಿಕಾರ ಸಿಕ್ಕಿತು. ಬ್ರಿಟನ್ನಿನಲ್ಲಿ ಹಾಗೆ ಅಧಿಕಾರ ಪಡೆದ ಮೊದಲ ಹೆಂಗಸು ಆಕೆ. ಕೆಲಸ ಏನಪ್ಪಾ ಅಂದರೆ, ಹುಡುಗಿಯರನ್ನು ಸೈನಿಕರಿಂದ ದೂರ ಇಡುವುದು.

ಲಂಡನ್ ಪೊಲೀಸರಲ್ಲಿದ್ದ ಲಿಲಿಯನ್ ವೈಲ್ಸ್ ಕಥೆ ಇನ್ನೂ ಚುರುಕು. 1928ರಲ್ಲಿ ಐರೀನ್ ಸ್ಯಾವಿಜ್ ಎಂಬ ಯುವತಿ ಮತ್ತು ಸರ್ ಲಿಯೋ ಮನಿ ಎಂಬ ಮಾಜಿ ಸಂಸದರನ್ನು ಹೈಡ್ ಪಾರ್ಕಿನಲ್ಲಿ ಅಸಭ್ಯ ವರ್ತನೆ ಅಂತ ಹಿಡಿದರು. ಕೇಸು ವಜಾ ಆಯಿತು. ಆಮೇಲೆ, ಪೊಲೀಸರು ಸುಳ್ಳು ಹೇಳಿದರೇ ಎಂಬ ವಿಚಾರಣೆಗೆ ಸ್ಯಾವಿಜ್‌ಳನ್ನು ಅವಳು ಕೆಲಸ ಮಾಡುವ ಜಾಗದಿಂದಲೇ ಲಂಡನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡಿಗೆ ಕರೆದೊಯ್ದರು. ಜೊತೆಗೆ ವೈಲ್ಸ್ ಇದ್ದರು. ಅಲ್ಲಿಗೆ ತಲುಪಿದ ಮೇಲೆ ವೈಲ್ಸ್ ಅವರನ್ನು ಕಳಿಸಿಬಿಟ್ಟು, ಗಂಡಸರಿಬ್ಬರೇ ಗಂಟೆಗಟ್ಟಲೆ ಪ್ರಶ್ನೆ ಕೇಳಿದರು. ಸಂಸತ್ತಿನಲ್ಲಿ ಮತ್ತೆ ಗಲಾಟೆಯಾಯಿತು. ಪೊಲೀಸರ ಅಧಿಕಾರದ ಬಗ್ಗೆ ರಾಯಲ್ ಕಮಿಷನ್ ಕೂತಿತು.

ಇದೆಲ್ಲ ಹಳೇ ಕಥೆ ಅನ್ನುವ ಕಿರಿಯ ವಕೀಲರಿಗೆ ನಾನು ನಮ್ಮ ಸಂಹಿತೆಯನ್ನೇ ತೋರಿಸುತ್ತೇನೆ. ಹೆಂಗಸನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಪೊಲೀಸರೇ ಅವಳ ಮನೆಗೆ ಹೋಗಬೇಕು, ಠಾಣೆಗೆ ಬಾ ಅಂತ ಒತ್ತಾಯಿಸುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 160ನೇ ಕಲಂನಲ್ಲಿದ್ದ ಈ ರಕ್ಷಣೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ರಲ್ಲಿದೆ. ಹೊಸದಾಗಿ ಸೇರಿದ್ದು ಒಂದು: ಅವಳೇ ಇಷ್ಟಪಟ್ಟರೆ ಠಾಣೆಗೆ ಬರಬಹುದು. ಹಾಗೆ ಇಷ್ಟಪಟ್ಟು ಬಂದಳು ಅಂತ ಕಡತದಲ್ಲಿ ಸಹಿ ಕಂಡರೆ, ಆ ಸಹಿ ಹಾಕಿಸಿದ್ದು ಮನೆಯಲ್ಲೋ ಠಾಣೆಗೆ ಬಂದ ಮೇಲೋ ಅಂತ ಮೊದಲು ಕೇಳಿ.