ಪ್ಯಾನೆಲ್ ಸ್ಪೀಕರೋ, ಕೋನ್ ಸ್ಪೀಕರೋ: ಮೊದಲು ಕೋಣೆಯನ್ನು ಅಳೆಯಿರಿ

ಮನೆಯಲ್ಲಿ ಸಂಗೀತ ಕೇಳಲು ಒಂದು ಜೊತೆ ಸ್ಟೀರಿಯೊ ಸ್ಪೀಕರ್ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಕಾಣುವುದು ಹೆಚ್ಚಾಗಿ ಮರದ ಪೆಟ್ಟಿಗೆಯಲ್ಲಿ ಆಲಿಕೆಯಾಕಾರದ ಕೋನ್‌ಗಳನ್ನು ಕೂರಿಸಿದ ಮಾದರಿಗಳೇ. ಇನ್ನಷ್ಟು ಹುಡುಕಿದವರಿಗೆ ಪೆಟ್ಟಿಗೆಯೇ ಇಲ್ಲದೆ, ಆಳೆತ್ತರಕ್ಕೆ ಬಾಗಿಲ ಹಲಗೆಯಂತೆ ನಿಂತ ಪ್ಲೇನಾರ್ ಅಥವಾ ಪ್ಯಾನೆಲ್ ಸ್ಪೀಕರ್‌ಗಳೂ ಎದುರಾಗುತ್ತವೆ. ಇವೆರಡರ ವ್ಯತ್ಯಾಸವನ್ನು ಕೇಳುವವರ ಅಭಿರುಚಿಯ ಪ್ರಶ್ನೆಯೆಂದೇ ಬಹುತೇಕರು ಭಾವಿಸುತ್ತಾರೆ. ನನಗೆ ಅದು ಮೊದಲಿಗೆ ಜಾಗದ ಪ್ರಶ್ನೆಯಾಗಿ ತೋರುತ್ತದೆ. ಸ್ಪೀಕರ್ ಯಾವ ಯಾವ ದಿಕ್ಕಿಗೆ ಶಬ್ದವನ್ನು ಹರಡುತ್ತದೆ, ಆ ದಿಕ್ಕುಗಳಲ್ಲಿ ನಮ್ಮ ಗೋಡೆಗಳು ಎಷ್ಟು ದೂರದಲ್ಲಿವೆ ಎಂಬುದನ್ನು ನೋಡಿಯೇ ಆಯ್ಕೆ ಮಾಡಬೇಕು.

ಇಂದಿನ ಕೋನ್ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಆಯಸ್ಕಾಂತದ ಕಿರಿದಾದ ಸಂದಿನಲ್ಲಿರುವ ವಾಯ್ಸ್ ಕಾಯಿಲ್ ಎಂಬ ತಂತಿಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಹಿಂದೆ ಮುಂದೆ ಚಲಿಸುತ್ತದೆ, ಅದಕ್ಕೆ ಅಂಟಿಕೊಂಡ ಕೋನ್ ಗಾಳಿಯನ್ನು ತಳ್ಳುತ್ತದೆ. ಕೋನ್ ಮುಂದಿನ ಗಾಳಿಯನ್ನು ಒತ್ತಿದ ಕ್ಷಣದಲ್ಲೇ ಅದರ ಬೆನ್ನ ಹಿಂದಿನ ಗಾಳಿ ವಿರಳವಾಗುತ್ತದೆ. ಈ ಹಿಂದಿನ ಅಲೆ ಅಂಚನ್ನು ಬಳಸಿಕೊಂಡು ಮುಂದಕ್ಕೆ ಬಂದು ಸೇರಿದರೆ ಮಂದ್ರ ಸ್ವರಗಳು ಅಳಿಸಿಹೋಗುತ್ತವೆಯಾದ್ದರಿಂದ ಅದನ್ನು ಕೂಡಿಹಾಕಲು ಪೆಟ್ಟಿಗೆ ಬೇಕಾಯಿತು. ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೂ ಗಂಭೀರವಾದ ಮಂದ್ರವನ್ನು ಹೊರಡಿಸಬಹುದೆಂದು ಎಡ್ಗರ್ ವಿಲ್ಚರ್ 1954ರ ತಮ್ಮ ಎಆರ್-1 ಮಾದರಿಯಲ್ಲಿ ತೋರಿಸಿದರು. ಮುಂದೆ ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ರೂಪಿಸಿದ ಗಣಿತದಿಂದ, ಯಾವ ಕೋನಿಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕುವುದು ಸಾಧ್ಯವಾಯಿತು. ಸಾಧಾರಣ ಬೆಲೆಯ ಕೋನ್ ಸ್ಪೀಕರ್‌ಗಳೂ ಇಂದು ಇಷ್ಟು ಚೆನ್ನಾಗಿರುವುದಕ್ಕೆ ಈ ಲೆಕ್ಕಾಚಾರವೇ ದೊಡ್ಡ ಕಾರಣ.

ಆದರೂ ಕೋನಿಗೆ ಅದರದ್ದೇ ಆದ ತೊಡಕುಗಳಿವೆ. ಪೆಟ್ಟಿಗೆಯ ಗೋಡೆಗಳು ತಾವೂ ಕಂಪಿಸುತ್ತವೆ. ನಡುವಿನಲ್ಲಿ ಮಾತ್ರ ತಳ್ಳಿಸಿಕೊಳ್ಳುವ ಕೋನ್, ಆವೃತ್ತಿ ಏರಿದಂತೆ ಒಂದೇ ತುಂಡಾಗಿ ಚಲಿಸಲಾರದೆ ಅಲ್ಲಲ್ಲಿ ಬಳುಕತೊಡಗುತ್ತದೆ. ಅದಕ್ಕಾಗಿ ತಾರ ಸ್ವರಗಳನ್ನು ಟ್ವೀಟರ್ ಎಂಬ ಪುಟ್ಟ ಘಟಕಕ್ಕೆ ಒಪ್ಪಿಸಬೇಕು, ಮತ್ತು ಸ್ವರಗಳನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್ ಮೂಲಕ ನಡೆಯುವ ಈ ಹಸ್ತಾಂತರ ಬಹಳಷ್ಟು ಮಾದರಿಗಳಲ್ಲಿ ಕಿವಿ ಅತಿ ಸೂಕ್ಷ್ಮವಾಗಿರುವ 2,000ದಿಂದ 3,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನಗಳು) ಆಸುಪಾಸಿನಲ್ಲೇ ಬರುತ್ತದೆ.

ಪ್ಲೇನಾರ್ ಸ್ಪೀಕರಿನಲ್ಲಿ ಬಲವು ತೆಳುವಾದ ಪೊರೆಯ ಮೈಯ ಮೇಲೆಲ್ಲ ಹರಡಿಕೊಂಡಿರುತ್ತದೆ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಎಲೆಕ್ಟ್ರೊಸ್ಟ್ಯಾಟಿಕ್ ಬಗೆಯಲ್ಲಿ, ಸಾವಿರಾರು ವೋಲ್ಟುಗಳಿಗೆ ಏರಿಸಿದ ಪಾಲಿಯೆಸ್ಟರ್ ಪೊರೆಯನ್ನು ರಂಧ್ರಗಳಿರುವ ಎರಡು ವಿದ್ಯುದ್ವಾರಗಳು ಸರದಿಯಂತೆ ಎಳೆದು ತಳ್ಳುತ್ತವೆ. ಇಂಗ್ಲೆಂಡಿನ ಹಂಟಿಂಗ್ಡನ್‌ನಲ್ಲಿ ಪೀಟರ್ ವಾಕರ್ ರೂಪಿಸಿ 1957ರಲ್ಲಿ ಮಾರುಕಟ್ಟೆಗೆ ತಂದ ಕ್ವಾಡ್ ಇಎಸ್ಎಲ್ ಈ ಬಗೆಯದು. ಎರಡನೆಯ ಬಗೆಯಲ್ಲಿ, ಪೊರೆಯ ಮೇಲೆ ಅಂಟಿಸಿದ ತೆಳು ತಂತಿ ಅಥವಾ ಲೋಹದ ಪಟ್ಟಿಗಳನ್ನು ಸಾಲು ಆಯಸ್ಕಾಂತಗಳು ಚಲಿಸುವಂತೆ ಮಾಡುತ್ತವೆ. ಜಿಮ್ ವೈನಿ 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸ್ಥಾಪಿಸಿದ ಮ್ಯಾಗ್ನೆಪ್ಯಾನ್ ಈ ದಾರಿಯಲ್ಲಿ ನಡೆಯಿತು. 12 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಪೊರೆಯ ಒಂದು ಚದರ ಮೀಟರಿನ ತೂಕ ಸುಮಾರು 17 ಗ್ರಾಂ, ಅಂದರೆ ಅದರ ಮುಂದಿರುವ ಒಂದೂವರೆ ಸೆಂಟಿಮೀಟರಿನಷ್ಟು ಗಾಳಿಯ ತೂಕ. ಇಷ್ಟು ಹಗುರವಾದ ಪೊರೆ ಸ್ವರ ನಿಂತ ಮೇಲೂ ಕಂಪಿಸುತ್ತಾ ಉಳಿಯುವುದು ಕಡಿಮೆ. ಪೆಟ್ಟಿಗೆಯ ಸ್ವಂತ ದನಿಯೂ ನಾದಕ್ಕೆ ಸೇರುವುದಿಲ್ಲ. ಪ್ಯಾನೆಲ್‌ಗಳು ಹಗುರವಾದ್ದರಿಂದಲೇ ಹೆಚ್ಚು ವೇಗದವು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 20,000 ಹರ್ಟ್ಸ್ ಮುಟ್ಟುವ ಸಾಮಾನ್ಯ ಟ್ವೀಟರೂ ಅಷ್ಟೇ ಶೀಘ್ರವಾದುದು.

ನಿಜವಾದ ಭೇದವಿರುವುದು ಶಬ್ದ ಹರಡುವ ರೀತಿಯಲ್ಲಿ. ಪೆಟ್ಟಿಗೆಯಿಲ್ಲದ ಪ್ಯಾನೆಲ್ ಮುಂದಕ್ಕೂ ಹಿಂದಕ್ಕೂ ಸಮನಾಗಿ, ಆದರೆ ಪರಸ್ಪರ ತಿರುಗುಮುರುಗಾದ ಅಲೆಗಳನ್ನು ಹೊರಡಿಸುತ್ತದೆ. ಪಕ್ಕಗಳಲ್ಲಿ ಇವೆರಡೂ ಸೇರಿ ಒಂದನ್ನೊಂದು ಅಳಿಸುವುದರಿಂದ ಅಲ್ಲಿ ಶಬ್ದ ಬಹಳ ಕ್ಷೀಣ. ಎದುರಿಗೆ ಕುಳಿತವರಿಗೆ ಅಷ್ಟೇ ಜೋರಾಗಿ ಕೇಳಿಸುತ್ತಲೇ, ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಕರ ಸುರಿಯುವುದರ ಮೂರನೆಯ ಒಂದು ಭಾಗದಷ್ಟು ಶಕ್ತಿಯನ್ನು ಮಾತ್ರ ಅದು ಕೋಣೆಗೆ ಸುರಿಯುತ್ತದೆ. ಸಿಮೆಂಟಿನ ಬೋಳು ಗೋಡೆ ಮತ್ತು ಟೈಲ್ಸ್ ನೆಲದ ನಮ್ಮ ಮನೆಗಳಲ್ಲಿ ಇದು ಸಣ್ಣ ಲಾಭವಲ್ಲ. ಪಕ್ಕದ ಗೋಡೆಯ ಪ್ರತಿಫಲನ ತಗ್ಗುತ್ತದೆ. ಕೋಣೆಯ ಉದ್ದಗಲಗಳಿಗೆ ಹೊಂದಿಕೊಂಡು ಮಂದ್ರದ ಕೆಲವೇ ಸ್ವರಗಳು ಗುಂಯ್‌ಗುಟ್ಟುವ ತೊಂದರೆಯೂ ಕಡಿಮೆಯಾಗುತ್ತದೆ. ತಂಬೂರಿಯ ಜೀವಾಳಿಯಿಂದ ಹುಟ್ಟುವ ಒಂದೊಂದು ಸೂಕ್ಷ್ಮ ಸ್ವರವೂ ಗಾಯಕರ ಕಂಠದ ಹಿಂದೆ ಬೇರೆಯಾಗಿ ಕೇಳಿಸುವ ಸುಖವನ್ನು ಒಳ್ಳೆಯ ಪ್ಯಾನೆಲ್ ಕೊಡಬಲ್ಲದು, ಮತ್ತು ಅದಕ್ಕಾಗಿ ಪಡುವ ಶ್ರಮ ಸಾರ್ಥಕವೆಂದು ನಾನು ಮನಸಾರೆ ನಂಬಿದ್ದೇನೆ.

ಇದಕ್ಕೆ ತೆರಬೇಕಾದ ಬೆಲೆ ಜಾಗ. ಹಿಂದಕ್ಕೆ ಹೊರಟ ತಿರುಗುಮುರುಗಾದ ಅಲೆ ಗೋಡೆಗೆ ಬಡಿದು ಮರಳಿ ಮುಂದಿನ ಅಲೆಯನ್ನು ಸೇರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಪ್ಯಾನೆಲ್ ಗೋಡೆಯಿಂದ ಒಂದು ಮೀಟರ್ ದೂರದಲ್ಲಿದ್ದರೆ ಮರಳಿದ ಅಲೆ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕಿವಿ ಅದನ್ನು ಪ್ರತಿಧ್ವನಿಯಾಗಿ ಕೇಳದೆ ನಾದದ ವಿಸ್ತಾರವಾಗಿ ಗ್ರಹಿಸುತ್ತದೆ. ಹಾಗೆ ಇಟ್ಟಾಗ ಈ ಪ್ರತಿಫಲನದಿಂದ ಮಂದ್ರ ಸೊರಗುವುದು ಸುಮಾರು 29 ಹರ್ಟ್ಸ್‌ಗಿಂತ ಕೆಳಗೆ. ಅದೇ ಪ್ಯಾನೆಲನ್ನು ಗೋಡೆಯಿಂದ ಬರೀ 30 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಈ ಗಡಿ 95 ಹರ್ಟ್ಸ್‌ಗೆ ಏರುತ್ತದೆ. ಆಗ ಮೃದಂಗದ ಎಡಮುಖವಾದ ತೊಪ್ಪಿಯ ಗುಂಕಾರಗಳು ಬಡವಾಗುತ್ತವೆ. ಪೆಟ್ಟಿಗೆಯ ಸ್ಪೀಕರಿಗೆ ಗೋಡೆಯ ಸಾಮೀಪ್ಯ ಅತಿ ಕೆಳಗಿನ ಮಂದ್ರವನ್ನು ಹೆಚ್ಚಿಸುತ್ತದೆಯೇ ಹೊರತು ಕಸಿಯುವುದಿಲ್ಲ. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಒಂದು ಮೀಟರ್ ಬಿಟ್ಟುಕೊಡುವುದೆಂದರೆ ಅದರ ಉದ್ದದ ಕಾಲುಭಾಗಕ್ಕಿಂತ ಹೆಚ್ಚನ್ನು ಬಿಟ್ಟುಕೊಟ್ಟಂತೆ. ಅದಾಗದು ಎನ್ನುವ ಮನೆಗೆ ಕೋನ್ ಸ್ಪೀಕರೇ ಸರಿಯಾದದ್ದು.

ಇನ್ನೊಂದು ಮಿತಿ ಅಗಲದ್ದು. ಹೊರಸೂಸುವ ಮೈ ತರಂಗಾಂತರಕ್ಕಿಂತ ಅಗಲವಾದರೆ ಶಬ್ದ ಟಾರ್ಚಿನ ಬೆಳಕಿನಂತೆ ಕಿರಿದಾಗುತ್ತದೆ. 5,000 ಹರ್ಟ್ಸ್‌ನಲ್ಲಿ ತರಂಗಾಂತರ 7 ಸೆಂಟಿಮೀಟರ್ ಮಾತ್ರವಾದ್ದರಿಂದ, 60 ಸೆಂಟಿಮೀಟರ್ ಅಗಲದ ಚಪ್ಪಟೆ ಪೊರೆಯ ಮುಂದೆ ತಲೆ ಸ್ವಲ್ಪ ಸರಿದರೂ ತಾರ ಸ್ವರಗಳು ಮಸುಕಾಗಬೇಕು. 1981ರಲ್ಲಿ ಬಂದ ಇಎಸ್ಎಲ್-63 ಮಾದರಿಯಲ್ಲಿ ವಾಕರ್ ವಿದ್ಯುದ್ವಾರವನ್ನು ಒಂದರೊಳಗೊಂದು ಬಳೆಗಳಾಗಿ ವಿಂಗಡಿಸಿ, ನಡುವಿನಿಂದ ಹೊರಬಳೆಗೆ ಸಂಕೇತ ತುಸು ತುಸುವೇ ತಡವಾಗಿ ತಲುಪುವಂತೆ ಮಾಡಿದರು. ಇದರಿಂದ ಶಬ್ದವು ಪೊರೆಯ ಹಿಂದಿನ ಒಂದು ಬಿಂದುವಿನಿಂದ ಗೋಳಾಕಾರದಲ್ಲಿ ಹರಡಿದಂತಾಯಿತು. ಈ ಕ್ಷೇತ್ರದ ಅತ್ಯಂತ ಸುಂದರ ಪರಿಹಾರಗಳಲ್ಲಿ ಇದೊಂದು. ಮಾರ್ಟಿನ್‌ಲೋಗನ್ ಸಂಸ್ಥೆ ಪೊರೆಯನ್ನೇ ಬಾಗಿಸಿತು. ಮ್ಯಾಗ್ನೆಪ್ಯಾನ್ ತಾರಕ್ಕೆ ಕಿರಿದಾದ ಪಟ್ಟಿಯನ್ನು ಬಳಸಿತು. ಇಷ್ಟಾದರೂ ಹಲವು ಪ್ಯಾನೆಲ್‌ಗಳು ಒಂದೇ ಕುರ್ಚಿಯಲ್ಲಿ ಕುಳಿತು ಕೇಳುವವರಿಗೇ ಚೆನ್ನಾಗಿ ಒಲಿಯುತ್ತವೆ. ಮನೆಮಂದಿಯೆಲ್ಲ ಅಲ್ಲಲ್ಲಿ ಕುಳಿತು ಕೇಳುವ ಹಜಾರದಲ್ಲಿ, ಎಲ್ಲ ಕೋನಗಳಿಗೂ ಹದವಾಗಿ ಹರಡುವಂತೆ ವಿನ್ಯಾಸಗೊಳಿಸಿದ ಕೋನ್ ಸ್ಪೀಕರ್ ಮೇಲು.

ಮಂದ್ರದ ಮಿತಿಯನ್ನೂ ಆಂಪ್ಲಿಫೈಯರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ಗಟ್ಟಿತನದಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರ ಹೊರಡಿಸಲು ಪೊರೆ ನಾಲ್ಕು ಪಟ್ಟು ದೂರ ಚಲಿಸಬೇಕು, ಆದರೆ ಎಲೆಕ್ಟ್ರೊಸ್ಟ್ಯಾಟಿಕ್‌ನಲ್ಲಿ ವಿದ್ಯುದ್ವಾರಗಳ ನಡುವಿನ ಅಂತರ ಕೆಲವೇ ಮಿಲಿಮೀಟರ್ ಆದ್ದರಿಂದ ಗಟ್ಟಿಯಾದ ಮಂದ್ರ ಅದಕ್ಕೆ ಕಷ್ಟ. ಅಲ್ಲದೆ ಅದು ವಿದ್ಯುತ್ತಿನ ದೃಷ್ಟಿಯಿಂದ ಆವೇಶವನ್ನು ಹಿಡಿದಿಡುವ ಒಂದು ಕೆಪಾಸಿಟರ್ ಆಗಿರುವುದರಿಂದ ತಾರದಲ್ಲಿ ಅದರ ತಡೆ ಬಹಳ ಕುಸಿಯುತ್ತದೆ, ದುರ್ಬಲ ಆಂಪ್ಲಿಫೈಯರ್ ಅಲ್ಲಿ ಸೋಲುತ್ತದೆ. ಆಯಸ್ಕಾಂತದ ಬಗೆಗೆ ಈ ತೊಂದರೆ ಇಲ್ಲ, ಅದಕ್ಕೆ ಬೇರೆಯಾಗಿ ಮೇನ್ಸ್ ವಿದ್ಯುತ್ತೂ ಬೇಡ. ಕರಾವಳಿಯ ಮಳೆಗಾಲದ ತೇವದಲ್ಲಿ ಹೆಚ್ಚು ವೋಲ್ಟೇಜ್ ಸೋರಿಹೋಗುವ ಮತ್ತು ಆವೇಶಗೊಂಡ ಪೊರೆ ಧೂಳನ್ನು ಸೆಳೆಯುವ ಸಾಧ್ಯತೆಯನ್ನು ನೆನೆದರೆ, ಮಂಗಳೂರು ಉಡುಪಿಗಳ ಕಡೆಯವರಿಗೆ ನಾನು ಸೂಚಿಸುವುದು ಆಯಸ್ಕಾಂತದ ಬಗೆಯನ್ನೇ. ಮಂದ್ರಕ್ಕೆ ಕೋನ್, ಉಳಿದುದಕ್ಕೆ ಪ್ಯಾನೆಲ್ ಎಂಬ ಮಿಶ್ರ ಮಾದರಿಗಳೂ ಇವೆ. ಅವುಗಳಲ್ಲಿ ಎರಡರ ಹರಡುವಿಕೆ ಬೇರೆ ಬೇರೆಯಾದ್ದರಿಂದ ಬೆಸುಗೆ ಕಿವಿಗೆ ತಿಳಿಯದಂತಿದೆಯೇ ಎಂದು ಚೆಲ್ಲೊ ಅಥವಾ ವೀಣೆಯ ಮಂದ್ರದಿಂದ ಮಧ್ಯಕ್ಕೆ ಏರುವ ಸ್ವರಗಳಲ್ಲಿ ಪರೀಕ್ಷಿಸಬೇಕು.

ಹೋಲಿಸಿ ಕೇಳುವಾಗ ಒಂದೊಂದೇ ಸ್ಪೀಕರಿನಲ್ಲಿ, ಮೋನೊದಲ್ಲಿ, ಎರಡನ್ನೂ ಸಮನಾದ ಗಟ್ಟಿತನಕ್ಕೆ ತಂದು ಕೇಳುವುದು ಒಳ್ಳೆಯದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್, ಕೇಳುಗರಿಗೆ ಸ್ಪೀಕರ್ ಕಾಣದಂತೆ ಪರದೆ ಹಾಕಿ ನಡೆಸಿದ ಪರೀಕ್ಷೆಗಳಲ್ಲಿ, ಸ್ಟೀರಿಯೊದಲ್ಲಿ ಮರೆಯಾಗುವ ದೋಷಗಳು ಮೋನೊದಲ್ಲಿ ಸ್ಪಷ್ಟವಾಗಿ ಹೊರಬಿದ್ದವು. ಅಂಗಡಿಯ ವಿಶಾಲ ಕೊಠಡಿಯಲ್ಲಿ ಪ್ಯಾನೆಲನ್ನು ಗೋಡೆಯಿಂದ ಎರಡು ಮೀಟರ್ ಮುಂದೆ ನಿಲ್ಲಿಸಿದ್ದರೆ, ನಿಮ್ಮ ಮನೆಯಲ್ಲಿ ಅದಕ್ಕೆ ಸಿಗುವ ದೂರವನ್ನು ಅಳೆದುಕೊಂಡು ಹೋಗಿ, ಅಷ್ಟೇ ದೂರಕ್ಕೆ ಸರಿಸಿ ಮತ್ತೊಮ್ಮೆ ನುಡಿಸಲು ಕೇಳಿ.