400ನೇ ಸ್ಥಾನದ ಆಟಗಾರನಿಗೆ ಬೇಕಿರುವುದು ಇನ್ನೊಂದು ಟೂರ್ನಿಯಲ್ಲ

ಪ್ರಶ್ನೆ: ನಾನು ಮೆಚ್ಚುವ ಟೆನಿಸ್ ಆಟಗಾರ ವಿಶ್ವ ರ‍್ಯಾಂಕಿಂಗ್‌ನಲ್ಲಿ 400ರ ಆಸುಪಾಸಿನಲ್ಲಿದ್ದಾನೆ. ಆಗಾಗ ಗಾಯಗೊಳ್ಳುತ್ತಾನೆ. ಅವನು ಮೇಲೇರಲು, ದೇಹ ಗಟ್ಟಿಯಾಗಿ ಉಳಿಯಲು ಅಭಿಮಾನಿಗಳು ಏನು ಮಾಡಬಹುದು? ಕೆಲವರು ಸೇರಿ ಹಣ ಕೂಡಿಸಿ, ವಾರ ಬಿಡದೆ ಟೂರ್ನಿ ಆಡುವಂತೆ ನೋಡಿಕೊಂಡರೆ ಹೇಗೆ?

ಉತ್ತರ: ಪ್ರಶ್ನೆಯ ಮೊದಲ ಭಾಗ ಓದಿ ಮನಸ್ಸು ತುಂಬಿತು. ಮೊದಲ ಹತ್ತು ಸ್ಥಾನದವರನ್ನು ಮೆಚ್ಚುವವರು ಲೋಕದ ತುಂಬ ಇದ್ದಾರೆ. 400ನೇ ಸ್ಥಾನದವನ ಪಂದ್ಯದ ಫಲಿತಾಂಶಕ್ಕಾಗಿ ರಾತ್ರಿ ಎಚ್ಚರವಿರುವವರು ವಿರಳ. ಆದರೆ ಕೊನೆಯ ವಾಕ್ಯಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ. ‘ವಾರ ಬಿಡದೆ’ ಎಂಬ ಈ ಸಲಹೆಯನ್ನು ಬೇರೆ ಬೇರೆ ಮಾತುಗಳಲ್ಲಿ ಎಷ್ಟು ಮಂದಿ ಬರೆದಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಬೇಡವೆಂದು ಎರಡು ಸಾಲು ಬರೆದು ಮುಗಿಸಿದ್ದೇನೆ. ಎರಡು ಸಾಲು ಸಾಲದೆಂದು ಈಗ ಅರ್ಥವಾಗಿದೆ. ಈ ಬಾರಿ ಕೂತು ಲೆಕ್ಕ ಹಾಕೋಣ.

ನಿಮ್ಮ ಆಟಗಾರ ಆಡುವುದು ಹೆಚ್ಚಾಗಿ ಎಂ15, ಎಂ25 ಎಂಬ ಕೆಳಹಂತದ ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ. ಎಂ15ರಲ್ಲಿ ಪ್ರಶಸ್ತಿ ಗೆಲ್ಲಲು ಐದು ಪಂದ್ಯ ಗೆಲ್ಲಬೇಕು, ಸಿಗುವುದು 15 ಅಂಕ. ಫೈನಲ್‌ನಲ್ಲಿ ಸೋತರೆ 8, ಸೆಮಿಫೈನಲ್‌ನಲ್ಲಿ ಸೋತರೆ 4, ಕ್ವಾರ್ಟರ್‌ಫೈನಲ್‌ನಲ್ಲಿ ಸೋತರೆ 2. ಮೊದಲ ಸುತ್ತು ಗೆದ್ದು ಎರಡನೆಯದರಲ್ಲಿ ಸೋತರೆ ಒಂದೇ ಒಂದು ಅಂಕ. ಮೊದಲ ಸುತ್ತಿನಲ್ಲೇ ಸೋತರೆ ಸೊನ್ನೆ. ಎಂ25ರಲ್ಲಿ ಚಾಂಪಿಯನ್‌ಗೆ 25 ಅಂಕ, ರನ್ನರ್‌ಅಪ್‌ಗೆ 16.

ಈಗ ನಿಮ್ಮ ಯೋಜನೆಯಂತೆ ಅವನು ವರ್ಷಕ್ಕೆ 30 ವಾರ ಎಂ15 ಆಡಿದನೆನ್ನಿ. ದಣಿದ ದೇಹ ಹೊತ್ತು ಪ್ರತಿ ವಾರ ಒಂದು ಪಂದ್ಯ ಗೆಲ್ಲುತ್ತಾನೆ, ಮುಂದಿನದರಲ್ಲಿ ಸೋಲುತ್ತಾನೆ. ಮೂವತ್ತು ಅಂಕ ಕೈಸೇರಿತು ಎಂದುಕೊಂಡಿರಾ? ಅದೂ ಇಲ್ಲ. ರ‍್ಯಾಂಕಿಂಗ್‌ಗೆ ಆಡಿದ ಎಲ್ಲ ಟೂರ್ನಿಗಳ ಅಂಕವನ್ನೂ ಕೂಡಿಸುವುದಿಲ್ಲ. ಕಳೆದ 52 ವಾರಗಳಲ್ಲಿ ಅತ್ಯುತ್ತಮವಾದ, ಇಪ್ಪತ್ತಕ್ಕಿಂತ ಕಡಿಮೆ ಫಲಿತಾಂಶಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಮೂವತ್ತು ವಾರದ ಬೆವರಿಗೆ ಸಿಗುವುದು ಇಪ್ಪತ್ತರೊಳಗಿನ ಅಂಕ. ಮೈ ಚೆನ್ನಾಗಿದ್ದ ಒಂದೇ ವಾರದಲ್ಲಿ ಒಂದು ಎಂ25 ಗೆದ್ದರೆ ಅದಕ್ಕಿಂತ ಹೆಚ್ಚು ಬರುತ್ತದೆ. ಒಂದು ಮೆಟ್ಟಿಲು ಮೇಲೆ, ಚಾಲೆಂಜರ್ 100 ಟೂರ್ನಿಯ ಫೈನಲ್ ತಲುಪಿದರೂ ಸಾಕು, 50 ಅಂಕ. ಮೊದಲ ಇನ್ನೂರರೊಳಗೆ ಬರಲು ಸುಮಾರು 300 ಅಂಕ ಬೇಕು, ಮೊದಲ ನೂರಕ್ಕೆ ಸುಮಾರು 600. ಒಂದೊಂದೇ ಅಂಕ ಹೆಕ್ಕಿ ಅಲ್ಲಿಗೆ ಯಾರೂ ತಲುಪಿಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹಿರಿಯರು ಹೇಳಿದ್ದು ಈ ರ‍್ಯಾಂಕಿಂಗ್ ಪದ್ಧತಿಗೆ ಅಕ್ಷರಶಃ ಒಪ್ಪುತ್ತದೆ.

‘ಆಡುತ್ತ ಆಡುತ್ತಲೇ ಆಟ ಬೆಳೆಯುತ್ತದಲ್ಲವೇ?’ ಎಂಬುದು ಇದೇ ನಂಬಿಕೆಯ ಇನ್ನೊಂದು ವೇಷ. ಹದಿನೈದರ ಹುಡುಗನಿಗೆ ಇದು ಸ್ವಲ್ಪ ಮಟ್ಟಿಗೆ ನಿಜ. ವೃತ್ತಿಪರನಿಗೆ ಟೂರ್ನಿಯ ವಾರವೆಂದರೆ ಕೂಡಿಟ್ಟದ್ದನ್ನು ಖರ್ಚು ಮಾಡುವ ವಾರ. ನಾಳೆ ಪಂದ್ಯವಿದೆ ಎಂದರೆ ಇಂದು ಭಾರ ಎತ್ತುವಂತಿಲ್ಲ. ಸರ್ವ್‌ನ ಚಲನೆಯಲ್ಲಿ ಒಂದು ಬದಲಾವಣೆ ಬೇಕಿದೆ ಎನ್ನಿ: ಅದನ್ನು ಸಾವಿರಾರು ಬಾರಿ ಸಾವಧಾನವಾಗಿ ಮಾಡಬೇಕು, ಮೊದಲು ಕೆಡಬೇಕು, ಆಮೇಲೆ ಕೂಡಿಬರಬೇಕು. ಪ್ರತಿ ಮಂಗಳವಾರ ಗೆಲ್ಲಲೇಬೇಕಾದವನು ಕೆಡುವ ಧೈರ್ಯ ಮಾಡುವುದಿಲ್ಲ, ಹಳೆಯ ಚಲನೆಗೇ ಮರಳುತ್ತಾನೆ. ವರ್ಷಗಟ್ಟಲೆ ಒಂದೇ ಕೊರತೆಯನ್ನು ಹೊತ್ತು ತಿರುಗುವ ಆಟಗಾರರು ಸೋಮಾರಿಗಳಲ್ಲ. ಅವರಿಗೆ ಅದನ್ನು ತಿದ್ದಿಕೊಳ್ಳುವ ಐದಾರು ವಾರ ಒಟ್ಟಿಗೆ ಸಿಕ್ಕಿಯೇ ಇಲ್ಲ.

ಇನ್ನು ದೇಹದ ಮಾತು. ತಿಳಿಸಿಕೊಡಲು ನನಗೆ ಅತ್ಯಂತ ಇಷ್ಟದ ವಿಷಯ ಇದು, ಆದ್ದರಿಂದ ತುಸು ನಿಧಾನಿಸುತ್ತೇನೆ. ತರಬೇತಿಗೆ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಒಗ್ಗಿಕೊಳ್ಳುವುದಿಲ್ಲ. ಉಸಿರಿನ ಸಾಮರ್ಥ್ಯ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಸ್ನಾಯುವಿಗೆ ಇನ್ನಷ್ಟು ಕಾಲ ಬೇಕು. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿಗಾದರೋ ತಿಂಗಳುಗಳೇ ಬೇಕು, ಏಕೆಂದರೆ ಅದಕ್ಕೆ ರಕ್ತದ ಹರಿವು ಕಡಿಮೆ, ಹೊಸ ನಾರು ಹೆಣೆದುಕೊಳ್ಳುವುದು ನಿಧಾನ. ‘ಈಗ ಚೆನ್ನಾಗಿದ್ದೇನೆ’ ಎಂದು ಆಟಗಾರ ಹೇಳುವಾಗ ಅವನ ಉಸಿರೂ ಸ್ನಾಯುವೂ ನಿಜವನ್ನೇ ಹೇಳುತ್ತಿರುತ್ತವೆ. ಭುಜದ, ಮಣಿಕಟ್ಟಿನ, ಮಂಡಿಯ ರಜ್ಜುಗಳು ಮಾತ್ರ ಹಿಂದೆ ಉಳಿದಿರುತ್ತವೆ. ವಾರ ಬಿಡದೆ ಆಡುವವನು ಈ ಅಂತರದಲ್ಲೇ ಗಾಯಗೊಳ್ಳುತ್ತಾನೆ. ಇದರ ಮೇಲೆ ಪ್ರತಿ ಊರಿನಲ್ಲೂ ಬೇರೆ ಅಂಕಣ, ಬೇರೆ ಕಂಪನಿಯ ಚೆಂಡು, ಬೇರೆ ಹಾಸಿಗೆ. ಚೆಂಡು ತುಸು ಭಾರವಾದರೂ ಅದರ ಪೆಟ್ಟು ಮೊದಲು ತಾಗುವುದು ಮಣಿಕಟ್ಟಿಗೆ, ಮೊಣಕೈಗೆ.

ಅಗ್ರ ಆಟಗಾರರೂ ತಿಂಗಳಾನುಗಟ್ಟಲೆ ಪ್ರವಾಸ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತಾರೆ, ಜೊತೆಗೆ ಕೋಚ್, ಫಿಟ್ನೆಸ್ ತರಬೇತುದಾರ, ಫಿಸಿಯೊ ಮೂವರನ್ನೂ ಕರೆದೊಯ್ಯುತ್ತಾರೆ. ನಿಮ್ಮ ಆಟಗಾರ ತನ್ನ ಚೀಲವನ್ನು ತಾನೇ ಹೊತ್ತು, ಅಭ್ಯಾಸಕ್ಕೆ ಯಾರು ಸಿಗುತ್ತಾರೆಂದು ಬೆಳಿಗ್ಗೆ ಹುಡುಕುವವನು. ಎಂ15ರ ಮೊದಲ ಸುತ್ತಿನಲ್ಲಿ ಸೋತವನಿಗೆ ಸಿಂಗಲ್ಸ್‌ನಿಂದ ಸಿಗುವುದು ಸುಮಾರು 156 ಡಾಲರ್. ಚಾಂಪಿಯನ್‌ಗೂ ಸುಮಾರು 2,160 ಡಾಲರ್, ಅದರಲ್ಲಿ ತೆರಿಗೆ ಬೇರೆ. ಪುರುಷರ ವೃತ್ತಿಪರ ಸಂಘವಾದ ಎಟಿಪಿ 2024ರಲ್ಲಿ ಕನಿಷ್ಠ ಆದಾಯದ ಖಾತರಿ ಯೋಜನೆ ತಂದಿತು. ಆ ವರ್ಷ ಮೊದಲ 100 ಸ್ಥಾನದವರಿಗೆ 3 ಲಕ್ಷ ಡಾಲರ್, 175ರವರೆಗೆ ಒಂದೂವರೆ ಲಕ್ಷ, 250ರವರೆಗೆ 75 ಸಾವಿರ. ಒಳ್ಳೆಯ ಹೆಜ್ಜೆ. ಆದರೆ 251ನೆಯವನಿಗೆ ಅದರಲ್ಲಿ ಏನೂ ಇಲ್ಲ, ನಿಮ್ಮ 400ನೆಯವನಿಗಂತೂ ಇಲ್ಲವೇ ಇಲ್ಲ. ಗಾಯದ ದೇಹಕ್ಕೆ ಇನ್ನೊಂದು ಟೂರ್ನಿಯ ಪ್ರವೇಶ ಕೊಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಒಂದೇ ಟೂರ್ನಿ ಏನು ಮಾಡಬಲ್ಲದು ಎಂಬುದಕ್ಕೆ 2025ರ ಶಾಂಘೈ ಮಾಸ್ಟರ್ಸ್ ನೋಡಿ. ಮೊನಾಕೊದ ವ್ಯಾಲೆಂಟಿನ್ ವಾಶೆರೊ 204ನೇ ರ‍್ಯಾಂಕಿಂಗ್‌ನಲ್ಲಿ ಅರ್ಹತಾ ಸುತ್ತಿಗೆ ಇಳಿದರು. ಅಲ್ಲಿಂದ ಪ್ರಶಸ್ತಿಯವರೆಗೆ ಒಂಬತ್ತು ಪಂದ್ಯ, ಸೆಮಿಫೈನಲ್‌ನಲ್ಲಿ ಜೊಕೊವಿಚ್ ಮೇಲೆ ಗೆಲುವು. ಸೆಕೆ ಎಷ್ಟಿತ್ತೆಂದರೆ ಯಾನಿಕ್ ಸಿನ್ನರ್ ಅವರಂಥ ಅಗ್ರ ಆಟಗಾರರೇ ಸ್ನಾಯುಸೆಳೆತದಿಂದ ಪಂದ್ಯ ಬಿಟ್ಟು ಹೊರನಡೆದ ಟೂರ್ನಿ ಅದು. ವಾಶೆರೊ ನೇರವಾಗಿ 40ನೇ ಸ್ಥಾನಕ್ಕೆ ಬಂದರು. ಎಲ್ಲರಿಗೂ ಹೀಗಾಗುತ್ತದೆ ಎನ್ನುತ್ತಿಲ್ಲ. ಅಂಥ ಟೂರ್ನಿ ಬಂದಾಗ ಒಂಬತ್ತನೇ ಪಂದ್ಯದಲ್ಲೂ ಓಡಬಲ್ಲ ಕಾಲು ಇರಬೇಕು ಎನ್ನುತ್ತಿದ್ದೇನೆ.

ಹಾಗಾದರೆ ನಿಮ್ಮ ಹಣದಿಂದ ಏನು ಮಾಡಬೇಕು? ಅವನಿಗೆ ಆಡದೆ ಇರುವ ವಾರಗಳನ್ನು ಕೊಳ್ಳಿ. ವರ್ಷಕ್ಕೆ ಎರಡು ಬಾರಿ, ಐದಾರು ವಾರ ಒಂದೇ ಕಡೆ ನಿಂತು ತರಬೇತಿ ಪಡೆಯುವಷ್ಟು ಖರ್ಚು. ತಿಂಗಳಿಗೆ ಇಷ್ಟು ಗಂಟೆ ಎಂದು ಫಿಸಿಯೊ. ಮುಖ್ಯವಾದ ನಾಲ್ಕೈದು ಟೂರ್ನಿಗಳಿಗೆ ಕೋಚ್ ಜೊತೆಗೆ ಹೋಗುವಂತೆ ಟಿಕೆಟ್. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಮರೆಯುವುದಕ್ಕಿಂತ, ಸಣ್ಣದಾದರೂ ವರ್ಷವಿಡೀ ತಪ್ಪದೆ ಬರುವ ಮೊತ್ತ ಮೇಲು. ಬರುವುದು ಖಚಿತವಾಗಿದ್ದರೆ ಮಾತ್ರ ಅವನು ನೋವಿನ ವಾರದಲ್ಲಿ ಟೂರ್ನಿಯಿಂದ ಹಿಂದೆ ಸರಿಯಬಲ್ಲ. ಭಾರತದ ಆಟಗಾರ ಸುಮಿತ್ ನಗಾಲ್ 2023ರಲ್ಲಿ ತಮ್ಮ ಬ್ಯಾಂಕ್ ಖಾತೆಯಲ್ಲಿದ್ದದ್ದು 900 ಯೂರೊ ಎಂದು ಬಹಿರಂಗವಾಗಿ ಹೇಳಿದರು. ಹಣವಿಲ್ಲದೆ ಆ ವರ್ಷದ ಮೊದಲ ತಿಂಗಳುಗಳಲ್ಲಿ ಜರ್ಮನಿಯ ತಮ್ಮ ತರಬೇತಿ ಕೇಂದ್ರದಲ್ಲಿ ಇರಲಾಗಿರಲಿಲ್ಲ. ಆ ಮಾತಿನ ನಂತರ ನೆರವಿನ ಕೈಗಳು ಬಂದವು. 2024ರ ಜನವರಿಯಲ್ಲಿ ಅವರು ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತು ದಾಟಿ, ಟೂರ್ನಿಯ 31ನೇ ಶ್ರೇಯಾಂಕದ (ಸೀಡ್) ಅಲೆಕ್ಸಾಂಡರ್ ಬಬ್ಲಿಕ್ ಅವರನ್ನು ಸೋಲಿಸಿದರು. ಜುಲೈ ಹೊತ್ತಿಗೆ 68ನೇ ಸ್ಥಾನ. ಹಣವೇ ಗೆಲ್ಲಿಸಿತು ಎನ್ನಲಾರೆ, ಆ ತೋಳು ಅವರದೇ. ಆದರೆ ಎಲ್ಲಿ ನಿಂತು ತಯಾರಾಗಬೇಕು ಎಂಬ ಚಿಂತೆ ಕಡಿಮೆಯಾದರೆ ಆಟಗಾರನ ತಲೆಯಲ್ಲಿ ಆಟಕ್ಕೆ ಜಾಗವಾಗುತ್ತದೆ.

ಮಾಡಬಾರದ ಎರಡು ಕೆಲಸಗಳಿವೆ. ಪ್ರೀತಿಯಿಂದ ಪ್ರೊಟೀನ್ ಪುಡಿ, ಮುಲಾಮು, ನಿದ್ರೆಯ ಮಾತ್ರೆ, ಗಿಡಮೂಲಿಕೆಯ ಔಷಧ ಏನನ್ನೂ ಕಳುಹಿಸಬೇಡಿ. ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ಅದು ಹೇಗೆ ಬಂದಿದ್ದರೂ ಹೊಣೆ ಆಟಗಾರನದೇ. ಪೋಲೆಂಡ್‌ನ ಅಗ್ರ ಆಟಗಾರ್ತಿ ಇಗಾ ಶ್ವಿಯಾಂಟೆಕ್ ಕಲಬೆರಕೆಯಾಗಿದ್ದ ನಿದ್ರೆಯ ಮಾತ್ರೆಯಿಂದ ಒಂದು ತಿಂಗಳ ಅಮಾನತು ಅನುಭವಿಸಿದರು. ಸಿನ್ನರ್ ಪ್ರಕರಣದಲ್ಲಿ ಫಿಸಿಯೊ ತನ್ನ ಬೆರಳಿನ ಗಾಯಕ್ಕೆ ಹಾಕಿಕೊಂಡ ಸ್ಪ್ರೇಯಲ್ಲಿದ್ದ ನಿಷೇಧಿತ ವಸ್ತು ಮಸಾಜ್ ಮೂಲಕ ಆಟಗಾರನ ದೇಹ ಸೇರಿತ್ತು. ಸಿನ್ನರ್‌ಗೆ ಮೂರು ತಿಂಗಳ ನಿಷೇಧ ಬಿತ್ತು. ವಕೀಲರ ತಂಡವಿರುವವರಿಗೇ ಹೀಗಾದರೆ, ಒಂಟಿಯಾಗಿ ಓಡಾಡುವವನ ಪಾಡನ್ನು ಯೋಚಿಸಿ.

ಎರಡನೆಯದು, ‘ಭುಜ ಹೇಗಿದೆ, ನಾಳೆ ಆಡುತ್ತೀಯಾ’ ಎಂದು ಸಂದೇಶ ಕಳುಹಿಸಿ ಕೇಳಬೇಡಿ. ಹಣ ಪಡೆದು ಒಳಮಾಹಿತಿ ಕೊಡುವುದು ಟೆನಿಸ್‌ನ ಭ್ರಷ್ಟಾಚಾರ ತಡೆ ನಿಯಮಗಳಡಿ ಅಪರಾಧ, ಬೆಟ್ಟಿಂಗ್ ಜಾಲ ಹೆಚ್ಚು ಸುತ್ತುವುದೂ ಈ ಕೆಳಹಂತದ ಟೂರ್ನಿಗಳನ್ನೇ. ನೀವು ಹಣ ಕೊಟ್ಟವರು, ಗಾಯದ ಬಗ್ಗೆ ಕೇಳಿದವರೂ ನೀವೇ ಎಂದಾದರೆ, ಆ ಎರಡು ಸಂಗತಿಗಳು ತನಿಖಾಧಿಕಾರಿಯ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹೇಗೆ ಕಾಣುತ್ತವೆ? ನಿಮ್ಮ ಕಾಳಜಿ ಅಲ್ಲಿ ಕಾಣುವುದಿಲ್ಲ. ಹಾಗೆಯೇ ಅವನು ಸೋತ ರಾತ್ರಿ ಏನನ್ನೂ ಬರೆಯಬೇಡಿ. ಪಣದಲ್ಲಿ ಹಣ ಕಳೆದುಕೊಂಡ ಅಪರಿಚಿತರ ಬೈಗುಳದಿಂದ ಅವನ ಮೊಬೈಲ್ ಆಗಲೇ ತುಂಬಿರುತ್ತದೆ. ಮೂರು ದಿನ ಬಿಟ್ಟು ಬರೆಯಿರಿ.

ನೀವು ಕೇಳದ ಒಂದು ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದರೆ ಅಂಕಗಳೆಲ್ಲ ಹೋಗುವುದಿಲ್ಲವೇ? ಹೋಗುತ್ತವೆ, 52 ವಾರವಾದ ಅಂಕ ತಾನಾಗಿ ಉದುರುತ್ತದೆ. ಅದಕ್ಕಾಗಿ ಸಂರಕ್ಷಿತ ರ‍್ಯಾಂಕಿಂಗ್ ಎಂಬ ವ್ಯವಸ್ಥೆ ಇದೆ. ಕನಿಷ್ಠ ಆರು ತಿಂಗಳು ಎಲ್ಲಿಯೂ ಆಡದೆ ಹೊರಗಿದ್ದವನು, ಗಾಯವಾದ ನಂತರದ ಮೊದಲ ಮೂರು ತಿಂಗಳ ಸರಾಸರಿ ರ‍್ಯಾಂಕಿಂಗ್ ಬಳಸಿ ಟೂರ್ನಿಗಳಿಗೆ ಪ್ರವೇಶ ಪಡೆಯಬಹುದು. ಹೊರಗಿದ್ದದ್ದು ಒಂದು ವರ್ಷದೊಳಗಾದರೆ ಒಂಬತ್ತು ಟೂರ್ನಿ ಅಥವಾ ಒಂಬತ್ತು ತಿಂಗಳು, ಇನ್ನೂ ಹೆಚ್ಚಾದರೆ ಹನ್ನೆರಡು. ಪ್ರವೇಶ ಮಾತ್ರ, ಶ್ರೇಯಾಂಕ (ಸೀಡ್) ಸಿಗುವುದಿಲ್ಲ.

ಐದು ತಿಂಗಳಿಗೆ ವಾಸಿಯಾಗುವ ಗಾಯದವನಿಗೆ ಈ ನಿಯಮ ಕಠೋರ. ಅವನಿಗೆ ಏನೂ ಸಿಗುವುದಿಲ್ಲ, ಅಷ್ಟರಲ್ಲಿ ಒಂದಷ್ಟು ಅಂಕವೂ ಹೋಗಿರುತ್ತದೆ. ಇದು ಗೊತ್ತಿಲ್ಲದ ಅಭಿಮಾನಿಗಳು ‘ಗುಣವಾದರೂ ಯಾಕೆ ಆಡುತ್ತಿಲ್ಲ’ ಎಂದು ಬರೆಯುತ್ತಾರೆ. ಇನ್ನೊಂದು ತಿಂಗಳು ಕಾದರೆ ಒಂಬತ್ತು ಬಾಗಿಲು ತೆರೆಯುತ್ತವೆ ಎಂಬುದು ಅವನಿಗೆ ಗೊತ್ತಿರುತ್ತದೆ. ಗಾಯಕ್ಕೆ ಮುಂಚೆ 200ರ ಹತ್ತಿರ ಇದ್ದವನಿಗೆ ಅವುಗಳಲ್ಲಿ ಗ್ರ್ಯಾನ್‌ಸ್ಲಾಮ್ ಅರ್ಹತಾ ಸುತ್ತಿನ ಬಾಗಿಲೂ ಒಂದು. 2025ರ ಆಸ್ಟ್ರೇಲಿಯನ್ ಓಪನ್ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೂ 35,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತ್ತು. ಆ ಒಂದು ಸೋಲಿನ ಹಣ ಅರ್ಧ ವರ್ಷದ ಫಿಸಿಯೊ ಆಗುತ್ತದೆ.

ಹಾಗೆ ಮರಳಿ ಬಂದವನ ಮೊದಲ ಐದಾರು ಪಂದ್ಯಗಳಲ್ಲಿ ಸ್ಕೋರ್ ನೋಡಬೇಡಿ. ಮೂರನೇ ಸೆಟ್‌ನಲ್ಲಿ ಎರಡನೇ ಸರ್ವ್‌ನಲ್ಲಿ ಚೆಂಡಿಗೆ ಮೊದಲಿನ ತಿರುಗು (ಸ್ಪಿನ್) ಉಳಿದಿದೆಯೇ ನೋಡಿ. ಬದಿಗೆ ಚಾಚಿ ಹೊಡೆದ ಮೇಲೆ ನಡುವಿಗೆ ಮರಳುವ ಮೊದಲ ಹೆಜ್ಜೆ ತಡವಾಗುತ್ತಿದೆಯೇ ನೋಡಿ. ಮರುದಿನವೂ ಅಭ್ಯಾಸಕ್ಕೆ ಬಂದನೇ ಎಂದು ಹತ್ತಿರ ಇದ್ದವರನ್ನು ಕೇಳದೆ, ಮುಂದಿನ ವಾರದ ಪ್ರವೇಶ ಪಟ್ಟಿಯಲ್ಲಿ ಅವನ ಹೆಸರಿಲ್ಲದಿದ್ದರೆ ಅವನು ಸರಿಯಾಗಿಯೇ ವಿಶ್ರಾಂತಿ ತೆಗೆದುಕೊಂಡಿದ್ದಾನೆ ಎಂದು ತಿಳಿಯಿರಿ.